ಗುಡಿಗೆ ಬಳಿದ ಸುಣ್ಣ

ಗುಡಿಯ ಬಾಗಿಲವಾಡದ ಮೇಲೆ ಕೆತ್ತಿದ ಕೊನೆಯ ನರ್ತಕಿಯ ಮುಖಕ್ಕೂ ಸುಣ್ಣ ಬಳಿದು ಉಳವಪ್ಪ ಏಣಿಯಿಂದ ಇಳಿದ. ಕೆಳಗೆ ಗಡಿಗೆ ಹಿಡಿದು ನಿಂತಿದ್ದ ಹೆಂಡತಿ ಹಾಲವ್ವ ನಕ್ಕಳು.

"ನಮ್ಮ ಲಗ್ನಕ್ಕೂ ಮಾವಾರು ಮನೀಗೆ ಇಷ್ಟು ದಪ್ಪ ಬಳಿಸಿದ್ದಿಲ್ಲ ಬಿಡ್ರಿ."

"ಮುಂಬೈದಿಂದ ಸಾಹೇಬ್ರು ಬರಾಕತ್ತಾರ. ಅವರ ಮುಂದ ಸ್ವಾಮಿ ಮಸಿ ಹಿಡಿದ ಗುಡಿಯಾಗ ಕುಂತರ ನನ್ನ ಮಾನ ಏನಾಗಬೇಕು?"

ಅದು ಸಾವಿರದ ಒಂಬೈನೂರ ಮೂವತ್ತೇಳನೆಯ ಇಸವಿ. ಹಾನಗಲ್ ಸೀಮೆಯ ಆ ಹಳೆಯ ಈಶ್ವರ ಗುಡಿಗೆ ಉಳವಪ್ಪ ಹಂಗಾಮಿ ಕಾವಲುಗಾರ. ತುಂಡು ಹೊಲವೂ ಇಲ್ಲದವನಿಗೆ ಆ ಚಾಕರಿಯೇ ಅನ್ನ. ರೈಲಿನಲ್ಲಿ ದೇಶ ನೋಡಲು ಬರುವವರಿಗಾಗಿ ಒಂದು ಪುಸ್ತಕ ಅಚ್ಚಾಗಲಿತ್ತು. ಅದರಲ್ಲಿ ಗುಡಿಯ ಚಿತ್ರ ಬಂದರೆ ಮಂದಿ ಬರುತ್ತಾರೆ, ಕಾವಲು ಕಾಯಂ ಆಗುತ್ತದೆ ಎಂದು ಹಳೆಯ ಗುಡಿಗಳನ್ನು ನೋಡಿಕೊಳ್ಳುವ ಸರಕಾರಿ ಕಚೇರಿಯ ಗುಮಾಸ್ತ ಶಂಕ್ರಪ್ಪ ಹೇಳಿಕಳಿಸಿದ್ದ. ಬೀಗರು ಬರುವ ಮನೆಗೆ ಸುಣ್ಣ ಬಳಿಯುವುದು ಆ ಊರಿನ ರೂಢಿ. ದೇವರ ಮನೆಗೆ ಬಳಿಯದೆ ಇರುವುದುಂಟೇ?

ಮರುದಿನ ರಾಜೇಸಾಬನ ಬಾಡಿಗೆ ಮೋಟಾರಿನಿಂದ ಪುಸ್ತಕಕ್ಕೆ ಚಿತ್ರ ತೆಗೆಯುವ ಸಾಹೇಬ ಇಳಿದ, ಜೊತೆಗೆ ಶಂಕ್ರಪ್ಪ. ಸಾಹೇಬ ಗುಡಿಯನ್ನು ಬಹಳ ಹೊತ್ತು ನೋಡಿದ. ಬೈಯಲಿಲ್ಲ. ಬಿಚ್ಚಿದ್ದ ಕ್ಯಾಮರಾವನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟ.

"ಕೆತ್ತಿದ ಕಲ್ಲು ನೋಡಾಕ ಬಂದಿದ್ರೋ ಮಾರಾಯ," ರಾಜೇಸಾಬ ಉಳವಪ್ಪನ ಕಿವಿಯಲ್ಲಿ ಹೇಳಿದ. "ನೀ ಸುಣ್ಣದ ಗ್ವಾಡಿ ತೋರಿಸಿದಿ."

ಉಳವಪ್ಪ ಕೈಮುಗಿದ. "ತಪ್ಪಾತ್ರಿ. ತೊಳೀತೇನಿ."

ಸಾಹೇಬನ ಮಾತನ್ನು ಶಂಕ್ರಪ್ಪ ತಿಳಿಸಿದ: "ಹದಿನೈದು ದಿನದಾಗ ಕಲ್ಲು ಕಂಡರ ಮತ್ತ ಬರ್ತಾರಂತ. ಕಬ್ಬಿಣ ಮುಟ್ಟಿಸಬ್ಯಾಡ."

ಹುಣಸೆ ನೀರು, ತೆಂಗಿನ ನಾರು, ನಂತರ ಬರೀ ಬೆರಳು. ಪಂಚಾಕ್ಷರಿ ಹೇಳುತ್ತ ಗಂಡ ಹೆಂಡಿರಿಬ್ಬರೂ ಉಜ್ಜಿದರು. ಹೊಸ ಸುಣ್ಣದ ಹಿಂದೆ ಅಪ್ಪ ಬಳಿದದ್ದು, ಅಜ್ಜ ಬಳಿದದ್ದು ಪದರ ಪದರವಾಗಿ ಉದುರಿತು.

"ಸಾಕ ಮಾಡ್ರಿ, ಕೈಯಾಗ ರಕ್ತ ಬರಾಕತ್ತೈತಿ."

"ಸ್ವಾಮಿಗೆ ಮುಚ್ಚಿದ್ದು ನಾನ, ತೆಗೀಬೇಕಾದವನೂ ನಾನ."

ಹದಿನಾಲ್ಕನೆಯ ದಿನ ನರ್ತಕಿಯ ಕಿವಿಯಲ್ಲಿ ಜೋಳದ ಕಾಳಿನಷ್ಟು ಓಲೆಯೊಂದು ಕಂಡಿತು. ಆ ಗುಡಿಯ ನೆರಳಲ್ಲೇ ಬೆಳೆದ ಉಳವಪ್ಪ ಅದನ್ನು ನೋಡಿದ್ದು ಅದೇ ಮೊದಲು.

ಮರುದಿನ ಶಂಕ್ರಪ್ಪ ಒಬ್ಬನೇ ಸೈಕಲ್ ಮೇಲೆ ಬಂದ.

"ಸಾಹೇಬ್ರು ಎಲ್ಲ್ಯದಾರ್ರಿ?"

"ಬರೂದಿಲ್ಲ. ಪುಸ್ತಕ ಅಚ್ಚಿಗೆ ಹೋತು. ನಿಮ್ಮ ಗುಡಿ ಅದರಾಗ ಇಲ್ಲ." ಶಂಕ್ರಪ್ಪ ಚೀಲದಿಂದ ಕಾಗದ ತೆಗೆದ. "ನೋಡವರಿಲ್ಲದ ಗುಡಿಗೆ ಕಾವಲು ಯಾಕಂತ ಮ್ಯಾಲಿನವರು ಬರದಾರ. ಕೀಲಿಕೈ ಕೊಟ್ಟು ಇಲ್ಲಿ ಹೆಬ್ಬಟ್ಟು ಒತ್ತು."

"ಕಲ್ಲು ಕಾಣಾಕತ್ತೈತ್ರಿ. ಒಮ್ಮೆ ನೋಡ್ರಿ."

ಶಂಕ್ರಪ್ಪ ತಲೆ ಎತ್ತಿ ನೋಡಿದ. "ಚಲೋ ಕಾಣ್ತೈತಿ," ಎಂದು ಮೆಲ್ಲಗೆ ಹೇಳಿ ಮಸಿಯ ಡಬ್ಬಿ ತೆರೆದ.

ಉಳವಪ್ಪ ಒತ್ತಿದ. ಕರಿ ಬೊಟ್ಟು ಮೂಡಿತು, ಅಷ್ಟೇ.

"ಗೆರಿ ಬಿದ್ದಿಲ್ಲೋ. ಇನ್ನೊಮ್ಮೆ ಒತ್ತು."

ಮತ್ತೆ ಒತ್ತಿದ. ಕಲ್ಲು ಉಜ್ಜಿ ಸವೆದ ಅವನ ಹೆಬ್ಬೆರಳನ್ನು ಹಾಲವ್ವ ಸೆರಗಿನಿಂದ ಒರೆಸಿ, ತಾನೇ ಹಿಡಿದು ಇನ್ನೆರಡು ಸಲ ಒತ್ತಿಸಿದಳು. ಕಾಗದದ ಮೇಲೆ ನಾಲ್ಕು ಕಪ್ಪು ಗುರುತುಗಳಾದವು. ಒಂದರಲ್ಲೂ ಗೆರೆ ಇರಲಿಲ್ಲ.