ತಡೆದಿಟ್ಟ ಮೇಲ್

ಮತ್ತೆ ಅದೇ ಕೆಂಪು ಚುಕ್ಕಿ, ಪರದೆಯ ಮೂಲೆಯಲ್ಲಿ, ಮೊಡವೆಯ ಹಾಗೆ, ಹಿಸುಕುವ ತನಕ ಕೈ ಸುಮ್ಮನಿರುವುದಿಲ್ಲ — ಬಡಾವಣೆಯ ಮೇಲ್ ಗುಂಪಿಗೆ ಬಂದದ್ದೆಲ್ಲ ತಡೆದು ನಿಂತಿದೆ, ಇವಳು ಬಿಟ್ಟರೆ ಉಂಟು, ಬಿಡದಿದ್ದರೆ ಇಲ್ಲ, ಇಡೀ ಬಡಾವಣೆಯ ಬಾಯಿಗೆ ಇವಳೇ ಬೀಗ, ಸಂಬಳವಿಲ್ಲದ ಬೀಗ. ಬೋಳುತಲೆಗೆ ಎಣ್ಣೆ, ಅಳಿಸು, ಲಾಟರಿ ಗೆದ್ದಿದ್ದೀರಿ, ಅಳಿಸು, ಈ ಕಳ್ಳರೇ ವಾಸಿ, ಏನು ಬೇಕೆಂದು ನೇರ ಹೇಳುತ್ತಾರೆ, ಸದಸ್ಯರೆಂಬ ಈ ಸಭ್ಯರು — ಬೆಕ್ಕಿನಮ್ಮ ಮತ್ತೆ ಬೆಕ್ಕು ಕಳೆದುಕೊಂಡಿದ್ದಾಳೆ, ಬೆಕ್ಕಿಗಾದರೂ ಬುದ್ಧಿಯಿದೆ, ದಂತವೈದ್ಯ ಪಾರ್ಕಿಂಗ್ ಬಗ್ಗೆ ಬರೆದ ಮಹಾಕಾವ್ಯವನ್ನು ನಿನ್ನೆ ಬಿಟ್ಟದ್ದೇ ತಪ್ಪು, ಅದಕ್ಕೆ ಎಲ್ಲರೂ ಎಲ್ಲರಿಗೂ ಉತ್ತರಿಸಿದ್ದಾರೆ, ಕಪ್ಪೆಗಳನ್ನು ತಕ್ಕಡಿಗೆ ಹಾಕಿದ ಹಾಗೆ, ತಿರಸ್ಕರಿಸು, ಕಾರಣ: ವಿಷಯಕ್ಕೆ ಸಂಬಂಧವಿಲ್ಲ, ಈ ಮಾತು ನಾಲಿಗೆಗೇ ಅಂಟಿಕೊಂಡಿದೆ, ಮೊನ್ನೆ ಗಂಡ ಆಫೀಸಿನ ಪುರಾಣ ತೆಗೆದಾಗಲೂ ರೀ, ಇದು ವಿಷಯಕ್ಕೆ ಸಂಬಂಧವಿಲ್ಲ, ಅಂದುಬಿಟ್ಟಿದ್ದಳು, ಮಗಳು ಬಿದ್ದು ಬಿದ್ದು ನಕ್ಕಳು, ಅವನೂ ನಕ್ಕ, ನಗುವುದೊಂದು ಬರುತ್ತದೆ ಆ ಮನುಷ್ಯನಿಗೆ, ಹೇಳಬೇಕಾದದ್ದನ್ನು ನೆಟ್ಟಗೆ ಒಂದು ಸಾಲಿನಲ್ಲಿ ಹೇಳಲು ಬರುವುದಿಲ್ಲ, ಮುಂದಿನದು. ಇದುವರೆಗೆ ಬರೆಯದವರೊಬ್ಬರ ಮೊದಲ ಮೇಲ್, ನಿಯಮದಂತೆ ಇದೂ ತಡೆದದ್ದು, ವಿಷಯ: ಕೋಣೆ ಬೇಕಾಗಿದೆ. ಒಬ್ಬರಿಗೆ ಸಾಕಾಗುವ ಕೋಣೆ ಬಾಡಿಗೆಗಿದ್ದರೆ ತಿಳಿಸಿ, ಅಡುಗೆ ನಾನೇ ಮಾಡಿಕೊಳ್ಳುತ್ತೇನೆ, ಹೆಚ್ಚು ಮಾತಾಡುವವನಲ್ಲ, ಇದೇ ಬಡಾವಣೆಯಲ್ಲಾದರೆ ಮಗಳು ಬಂದುಹೋಗಲು ಅನುಕೂಲ — ಪರವಾಗಿಲ್ಲ, ಕಾಗುಣಿತ ಸರಿಯಿದೆ, ಚುಟುಕಾಗಿದೆ, ಇಂಥವರೂ ಇದ್ದಾರಲ್ಲ ಈ ಸಂತೆಯಲ್ಲಿ, ಪಾಪ, ಯಾವಳು ಓಡಿಸಿದಳೋ, ಬೆರಳು ಆಗಲೇ ಒಪ್ಪಿಗೆಯ ಗುಂಡಿಯ ಮೇಲೆ, ಕಳಿಸಿದವರ ಹೆಸರೊಂದು ನೋಡಿಬಿಡೋಣ.

ಗಂಡನ ಹೆಸರು.

ಗುಂಪಿಗೆ ಸೇರಿಸಿದ್ದು ಇವಳೇ, ತಲೆ ಲೆಕ್ಕಕ್ಕೆ, ಒಂದಕ್ಷರ ಬರೆದವನಲ್ಲ, ಪೆದ್ದ, ಮೊದಲ ಮೇಲ್ ನೇರ ಹೆಂಡತಿಯ ಕೈಗೇ ಬಂದು ಬೀಳುತ್ತದೆಂದು ಗೊತ್ತಿಲ್ಲದೆ — ಇಲ್ಲ, ಗೊತ್ತಿದೆ, ಆ ನಿಯಮ ಹಾಕಿದ ದಿನ ಅವನೆದುರೇ ಕೊಚ್ಚಿಕೊಂಡಿದ್ದಳು, ನನ್ನ ಕಣ್ಣು ತಪ್ಪಿಸಿ ಒಂದು ಸೊಳ್ಳೇನೂ ಒಳಗೆ ಬರಲ್ಲ ಕಣ್ರೀ. ಹಾಗಾದರೆ ಇದು ಬಡಾವಣೆಗೆ ಬರೆದದ್ದಲ್ಲ. ಹೇಡಿ, ಗೋಡೆಯಾಚೆ ಕೂತು ಹೆಂಡತಿಗೆ ಅರ್ಜಿ ಹಾಕುತ್ತಾನೆ, ತಿರಸ್ಕರಿಸು, ಕಾರಣ ನಮೂದಿಸಿ, ಖಾಲಿ ಚೌಕ, ಮಿಟುಕುವ ಗೆರೆ, ಏನು ಕಾರಣ, ಹೋದ ವಾರ ಊಟದ ಮೇಜಿನಲ್ಲಿ ಅವನು ಕೈ ಎತ್ತಿದ್ದ, ಶಾಲೆಯ ಹುಡುಗನ ಹಾಗೆ, ಎಂಜಲು ಕೈ, ಅಮ್ಮಾ, ಅಪ್ಪ ಕೈ ಎತ್ತಿದಾರೆ, ಮಾತಾಡೋಕೆ ಬಿಡು ಪಾಪ, ಅಂದಿದ್ದಳು ಮಗಳು, ಸರಿ, ಬೇಗ ಹೇಳಿ, ಅಂದಿದ್ದಳು ಇವಳು, ಫೋನಿನಿಂದ ಮುಖ ಎತ್ತದೆ, ಏನಿಲ್ಲ ಬಿಡು, ಅಂದಿದ್ದ. ಪಕ್ಕದ ಕೋಣೆಯಲ್ಲಿ ಕುರ್ಚಿ ಸರಿಯಿತು, ಒಂದು ಕೆಮ್ಮು, ಕಾಯುತ್ತಿದ್ದಾನೆ, ಎದ್ದು ಹೋಗಬೇಕು, ರೀ ಎನ್ನಬೇಕು, ಆಮೇಲೆ ಏನೆನ್ನಬೇಕು, ಕಣ್ಣಂಚಿನಲ್ಲಿ ಆ ಕೈ, ತಟ್ಟೆಯ ಮೇಲೆ, ಬೆರಳುಗಳಿಗೆ ಅಂಟಿದ್ದು ಒಣಗುತ್ತಾ, ಅದು ಇಳಿದದ್ದನ್ನು ಇವಳು ನೋಡಲೇ ಇಲ್ಲ — ಆ ಕೈ, ಇನ್ನೂ ಎತ್ತಿಯೇ ಇದೆ, ಆ ಕೈ