ವೀಸಲ್ ಕರೆಯುತ್ತಿದ್ದ ಮಾವನವರು

ಮಾವನವರು ನಿಂತರೆಂದರೆ ನಿಂತರು. ಹಿತ್ತಿಲಲ್ಲಿ ಒಮ್ಮೆ ಹಾಗೆ ನಿಂತಿದ್ದಾಗ ಕಾಗೆಯೊಂದು ಅವರ ಹೆಗಲ ಮೇಲೆ ಗೂಡು ಕಟ್ಟಿ, ಇನ್ನೇನು ಮೊಟ್ಟೆಯಿಡಬೇಕೆನ್ನುವಾಗ ಅವರು ಸೀನಿಬಿಟ್ಟು ಸಂಸಾರ ಕೆಡಿಸಿದರೆಂದು ಅವರ ಮಗನೇ ಹೇಳುತ್ತಿದ್ದ. ಮದುವೆಯ ಹೊಸದರಲ್ಲಿ ಸೊಸೆ ಅದನ್ನು ಅರ್ಧ ನಂಬಿಯೂ ಇದ್ದಳು. ಪ್ರಾಣಿಶಾಸ್ತ್ರದ ಪಾಠ ಹೇಳಿ ನಿವೃತ್ತರಾದ ಆ ಪುಣ್ಯಾತ್ಮರ ಉಳಿದ ಆಯುಷ್ಯವೆಲ್ಲ ಹಿತ್ತಿಲ ಕಲ್ಲುಗೋಡೆಯ ವೀಸಲ್‌ಗಳಿಗೆ ಮೀಸಲಾಗಿತ್ತು. ಮುಂಗುಸಿಯನ್ನು ಬಿಸಿನೀರಲ್ಲಿ ಒಗೆದು ಕುಗ್ಗಿಸಿದಂತಿರುವ, ಇಲಿಯ ಬಿಲದೊಳಕ್ಕೆ ನೀರಿನಂತೆ ಹರಿದುಹೋಗುವ, ತನ್ನ ಹತ್ತರಷ್ಟು ತೂಗುವ ಮೊಲದ ಕತ್ತಿಗೆ ಹಲ್ಲೂರಿ ಕೆಡಹುವ ಆ ಬಿಳಿಯೆದೆಯ ಜೀವಿಗಾಗಿ, ಮೊಣಕೈ ಸವೆದ ಹಸಿರು ಕೋಟು ತೊಟ್ಟು, ಅಂಗೈಯ ಹಿಂಬದಿಗೆ ತುಟಿಯೊತ್ತಿ, ಕಿಚ್... ಕಿಚ್... ಎಂದು ಗಾಳಿ ಹೀರುತ್ತಿದ್ದರು.

"ಗಾಯಗೊಂಡ ಮೊಲದ ಮರಿ ಹೀಗೇ ಅಳೋದಮ್ಮ. ಕಿವಿಗೆ ಬಿದ್ರೆ ಸಾಕು, ವೀಸಲ್ ಬಂದೇ ಬರುತ್ತೆ."

ಮೊಮ್ಮಗ ತೊಟ್ಟಿಲಲ್ಲಿ ಅತ್ತರೂ ಅವರದು ಅದೇ ಸದ್ದು.

"ಅಲ್ಲ ಮಾವ, ಲಾಲಿ ಗೀಲಿ ಏನೂ ಬರಲ್ವಾ ನಿಮಗೆ?"

"ನಗ್ತಿದಾನಲ್ಲಮ್ಮ, ಇನ್ನೇನು ಬೇಕು?"

ಅಮ್ಮಾ ಎನ್ನುವ ಮೊದಲೇ ಕೂಸು ಆ ಸದ್ದು ಕಲಿಯಿತು. ಮನೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಒಂದು ಮಧ್ಯಾಹ್ನ ಸೊಸೆ ಹೊರಗೆ ಬಟ್ಟೆ ಹಿಂಡುತ್ತಿದ್ದಳು. ಕೋಣೆಯಿಂದ ಕೂಸಿನ ಕಿಚ್ ಕಿಚ್ ಕೇಳಿಸುತ್ತಲೇ ಇತ್ತು, ಥಟ್ಟನೆ ನಿಂತಿತು. ಕೈಯಲ್ಲಿದ್ದ ಒದ್ದೆ ದುಪ್ಪಟಿಯ ಸಮೇತ ಒಳಗೋಡಿದಳು. ತೊಟ್ಟಿಲ ಕಾಲುಗಡೆಯಲ್ಲಿ, ಹೊದಿಕೆಯ ಮೇಲೆ, ವೀಸಲ್ ಎರಡೇ ಕಾಲಿನ ಮೇಲೆ ನೆಟ್ಟಗೆ ನಿಂತಿತ್ತು. ಎದುರು ಬಾಗಿಲಲ್ಲಿ ಮಾವನವರೂ ಅಷ್ಟೇ ನೆಟ್ಟಗೆ ನಿಂತಿದ್ದರು. ನೋಡನೋಡುತ್ತಲೇ ಅದು ಕುಣಿಯತೊಡಗಿತು: ಬಳುಕಿತು, ಉರುಳಿತು, ತನ್ನ ಬಾಲವನ್ನೇ ಅಟ್ಟಿತು, ಒಂದೊಂದು ಸುತ್ತಿಗೂ ಕೂಸಿನ ಕೊರಳಿಗೆ ಇಷ್ಟಿಷ್ಟೇ ಹತ್ತಿರವಾಯಿತು. ಕೂಸು ರೆಪ್ಪೆ ಬಡಿಯಲಿಲ್ಲ. ಈ ಕುಣಿತದ ಮುಂದೆ ಮೊಲಗಳು ಓಡುವುದನ್ನೇ ಮರೆಯುತ್ತವೆಂದು ಮಾವನವರು ಎಷ್ಟೋ ಸಲ ವರ್ಣಿಸಿದ್ದರು.

"ಮಾವಾ!"

"ಶ್... ಅಲ್ಲಾಡಬೇಡಮ್ಮ. ಇಷ್ಟು ಹತ್ತಿರದಿಂದ ಯಾರೂ ನೋಡಿಲ್ಲ."

ದೇವರೇ, ಅವಳ ಕಾಲೂ ಏಳಲಿಲ್ಲ! ಆ ಬಿಳಿ ಎದೆ ತಿರುಗಿದತ್ತ ಅವಳ ಕಣ್ಣೂ ತಿರುಗುತ್ತಿತ್ತು. ಒದ್ದೆ ಬಟ್ಟೆಯ ನೀರು ಪಾದಕ್ಕೆ ತೊಟ್ಟಿಕ್ಕಿ ತಣ್ಣಗೆ ಕೊರೆದಾಗ ಬೆಚ್ಚಿ, ದುಪ್ಪಟಿಯನ್ನು ಬೀಸಿ ಎಸೆದಳು. ವೀಸಲ್ ಕಿಟಕಿಯಿಂದ ದಾರದಂತೆ ಜಾರಿಹೋಯಿತು. ಆಗ ಕೂಸು ಮನುಷ್ಯರ ಮಗುವಿನಂತೆ ಅತ್ತಿತು.

"ಇನ್ನೊಂದು ಕ್ಷಣ ತಡೀಬಾರದಿತ್ತೇನಮ್ಮಾ..." ಎಂದರು ಮಾವನವರು, ಕಿಟಕಿಯ ಕಡೆಯೇ ನೋಡುತ್ತ. ಆಮೇಲೆ, ಕೋಣೆಯಲ್ಲಿ ತೊಟ್ಟಿಲೊಂದಿದೆಯೆಂದು ಆಗಷ್ಟೇ ಕಂಡವರಂತೆ ಅತ್ತ ತಿರುಗಿ, ಸುಣ್ಣದಂತೆ ಬಿಳಿಚಿಕೊಂಡರು.

ಸಂಜೆಯೊಳಗೆ ಸೊಸೆ ತೊಟ್ಟಿಲನ್ನು ಅಡುಗೆಮನೆಗೆ ಸಾಗಿಸಿದಳು.

ಲೋಕದಲ್ಲಿ ಇಂಥವರಿದ್ದಾರೆ. ಕ್ರೂರಿಗಳಲ್ಲ, ಇರುವೆಯನ್ನೂ ದಾಟಿ ನಡೆಯುವವರು. ಆದರೆ ಸೃಷ್ಟಿಯ ಸೊಗಸು ಕಣ್ಣೆದುರು ತೆರೆದುಕೊಂಡರೆ, ಅದು ಯಾರ ಎದೆಯ ಮೇಲೆ ಕುಣಿಯುತ್ತಿದೆಯೆಂಬುದು ಅವರಿಗೆ ಕಾಣುವುದಿಲ್ಲ. ಅವರನ್ನು ಗೌರವಿಸಬಹುದು, ಪ್ರೀತಿಸಲೂಬಹುದು. ಮಗುವನ್ನು ಒಪ್ಪಿಸಿ ಅತ್ತ ತಿರುಗಲಾಗದು.