ಗಿಡ್ಡ ತೋಳಿನ ಕೋಟು

ನಮ್ಮ ಬೀದಿಯ ಟೈಲರಮ್ಮನ ಕೋಟಿಗೆ ಎಡತೋಳು ಎರಡು ಬೆರಳು ಗಿಡ್ಡ. ಗಣ್ಯರಿಗೆಲ್ಲ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಕೋಟು ಹೊಲಿದುಕೊಡುವ ಈ ಅರವತ್ತರ ಹೆಂಗಸು, ಎಡಗೈಯ ಮಣಿಕಟ್ಟನ್ನು ಲೋಕಕ್ಕೆಲ್ಲ ಪ್ರದರ್ಶಿಸುತ್ತ, ದಾಪುಗಾಲಿಟ್ಟು ಅಂಗಡಿಗೆ ಬರುವಾಗ ಹೊಸಬರು ಮುಸಿಮುಸಿ ನಗುತ್ತಾರೆ. ನಗಲಿ ಎಂದೇ ಆಕೆ ಅದನ್ನು ತೊಡುವುದು.

ಆ ಕೋಟಿನ ಹಿಂದೆ ಅಣ್ಣನ ಪಥ್ಯವಿದೆ. ಜೊತೆಯಲ್ಲೇ ಅಂಗಡಿ ನಡೆಸುವ ಅಣ್ಣನಿಗೆ ಮುಂಜಾನೆಯ ಓಟ, ಮಧ್ಯಾಹ್ನದವರೆಗೆ ಉಪವಾಸ, ಆಮೇಲೆ ಹಸಿ ತರಕಾರಿ, ಈ ಕ್ರಮದಿಂದ ಬೊಜ್ಜು ಕರಗಿ ಉತ್ಸಾಹ ಉಕ್ಕಿತ್ತು, ಅದು ಸುಳ್ಳಲ್ಲ. ಆದರೆ ತಾವು ಹಿಡಿದ ಮೊಲಕ್ಕೆ ಮೂರೇ ಕಾಲೆಂದು ಅವರು ತಂಗಿಯ ಬೆನ್ನು ಹತ್ತಿದರು. ಎರಡು ತಿಂಗಳು ಅವರ ಮಾತಿಗೆ ಕಟ್ಟುಬಿದ್ದು ಅದೇ ಪಥ್ಯ ಮಾಡಿದ ತಂಗಿಯ ಕೈ, ಒಂದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಗಿರಾಕಿಯೊಬ್ಬರ ಉಣ್ಣೆಬಟ್ಟೆಯ ಮೇಲೆ ನಡುಗಿತು. ಎಡತೋಳಿಗೆ ಎಳೆದ ಸೀಮೆಸುಣ್ಣದ ಗೆರೆ ತಪ್ಪಿ ಕತ್ತರಿ ಓಡಿತು.

“ವಯಸ್ಸಾಯ್ತು ನಿಂಗೆ. ಇನ್ಮೇಲೆ ಕತ್ತರಿ ಮುಟ್ಬೇಡ, ಗುಂಡಿ ಹಚ್ಕೊಂಡು ಕೂತಿರು,” ಎಂದರು ಅಣ್ಣ.

ನಲವತ್ತು ವರ್ಷ ಕತ್ತರಿ ಹಿಡಿದವರಿಗೆ ಇದಕ್ಕಿಂತ ಕ್ರೂರವಾದ ಮಾತುಂಟೆ?

“ಮೂರು ತಿಂಗಳು ಕೊಡು. ಆಗ್ಲೂ ನಡುಗಿದ್ರೆ ಕತ್ತರೀನ ನಾನೇ ತಂದು ನಿನ್ ಕೈಗಿಡ್ತೀನಿ,” ಎಂದರು ತಂಗಿ.

ಗಿರಾಕಿಗೆ ಬೇರೆ ಕೋಟು ಹೊಲಿದುಕೊಟ್ಟು, ಕೆಟ್ಟ ಬಟ್ಟೆಯನ್ನು ತಮ್ಮ ಅಳತೆಗೆ ಕೋಟು ಹೊಲಿದುಕೊಂಡು, ಎಡತೋಳನ್ನು ಮಾತ್ರ ಹಾಗೇ ಬಿಟ್ಟರು. ಊರವರ ಎದೆ, ಸೊಂಟ, ತೋಳುಗಳನ್ನು ಬರೆದಿಡುವ ಅಳತೆಪುಸ್ತಕದಲ್ಲಿ ಅಂದೇ ತಮಗೂ ಒಂದು ಪುಟ ತೆರೆದರು. ತಿಂದದ್ದೇನು, ನಿದ್ದೆಯೆಷ್ಟು, ಕೈ ನಡುಗಿದ್ದು ಯಾವಾಗ, ಎಲ್ಲವೂ ದಾಖಲು. ಹಸಿ ಸೊಪ್ಪಿಗೆ ಹೊಟ್ಟೆಯುಬ್ಬರ, ಬೇಯಿಸಿದರೆ ಸುಖ. ಎದ್ದೊಡನೆ ಎರಡು ಮೊಟ್ಟೆ, ಹತ್ತೂವರೆಗೆ ಕೋಟಿನ ಜೇಬಿನಿಂದ ಬೇಯಿಸಿದ ಗೆಣಸು, ಓಟದ ಬದಲು ಸಂಜೆಯ ನಡಿಗೆ. ಮಧ್ಯಾಹ್ನ ಬಟ್ಟೆ ಕತ್ತರಿಸುವ ಮೇಜಿನ ಮೇಲೇ ಇಪ್ಪತ್ತು ನಿಮಿಷ ನಿದ್ದೆ. ಗಿರಾಕಿ ಬಂದರೂ ಸರಿ, ಮಂತ್ರಿ ಬಂದರೂ ಸರಿ. ರಕ್ತಪರೀಕ್ಷೆ ಮಾಡಿಸಿದ ವೈದ್ಯರು ಆ ಪುಟ ಓದಿ, “ನಾನು ಬರೆಯೋಕೇನೂ ಉಳಿದಿಲ್ಲ” ಎಂದರಂತೆ. ಅಣ್ಣ ಮಾತ್ರ, “ಊರಿಗೊಂದು ದಾರಿಯಾದ್ರೆ ಎಡವಟ್ಟಿಗೊಂದು ದಾರಿ” ಎಂದು ಗೊಣಗುತ್ತಲೇ ಇದ್ದರು.

ಗಡುವಿನ ದಿನ, ಹನ್ನೊಂದಕ್ಕೇ ಸರಿಯಾಗಿ, ಟೈಲರಮ್ಮ ಅಣ್ಣನೆದುರು ಅಂಥದೇ ಉಣ್ಣೆ ಹರಡಿ, ಗೆಣಸಿನ ಸಿಪ್ಪೆ ಬದಿಗಿಟ್ಟು, ತೋಳನ್ನು ಒಂದೇ ಉಸಿರಿಗೆ ಕತ್ತರಿಸಿದರು. ಅಣ್ಣ ಟೇಪು ಹಿಡಿದು ಎರಡು ಸಲ ಅಳೆದರು. ಮೂರನೆಯ ಸಲ ಅಳೆಯಲಿಲ್ಲ.

ಸುದ್ದಿ ಕೇಳಿ ಅತ್ತಿಗೆ ಓಡಿಬಂದರು. “ನಂಗೂ ಆ ಪುಟ ಬರ್ಕೊಡೇ.”

“ಅದು ನನ್ ಅಳತೆ, ಅತ್ತಿಗೆ! ನಿಮಗೆ ಕಂಕುಳಲ್ಲಿ ಹಿಡಿಯುತ್ತೆ,” ಎಂದು ಗದರಿ, ಖಾಲಿ ಪುಟ ತೆರೆದು ಪೆನ್ಸಿಲ್ ಕೈಗಿತ್ತರು.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಇಂಥವರಿಗೆ ಜಗಳ ತಪ್ಪಿದ್ದಲ್ಲ. ತಮ್ಮ ದೇಹದ ಮಾತಿಗೆ ತಾವೇ ಕಿವಿಗೊಡುವ ಜನ ಹಿತೈಷಿಗಳ ಕಣ್ಣಿಗೆ ಎಂದೆಂದೂ ಮೊಂಡರೇ. ಪರರ ಅಳತೆಗೆ ಒಮ್ಮೆ ಮೈಯೊಪ್ಪಿಸಿದ ತಪ್ಪನ್ನು ಅವರು ಮುಚ್ಚಿಡುವುದಿಲ್ಲ, ತೊಟ್ಟುಕೊಂಡೇ ಬೀದಿಗಿಳಿಯುತ್ತಾರೆ.